ಡೇವಿಗೆ ಬಡಿಸಿದ ತಟ್ಟೆ

ಸತ್ತವರು ಊಟಕ್ಕೆ ಬರುತ್ತಾರೆಂದು ನಾನು ಯಾವತ್ತೂ ನಂಬಿದವಳಲ್ಲ. ರಸಾಯನಶಾಸ್ತ್ರ ಓದಿ, ದುಬೈಯ ಜೆಬೆಲ್ ಅಲಿಯ ಒಂದು ಆಹಾರ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿಯುತ್ತಿದ್ದವಳು. ಮುಲ್ಕಿಯ ನಮ್ಮ ಮನೆಯಲ್ಲಿ ಹಿರಿಯರಿಗೆ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕಾಯುವಾಗ ನನ್ನ ಚಿಂತೆ ಒಂದೇ ಆಗಿತ್ತು: ಕೋಳಿಸಾರು ಆರಿಹೋಗುತ್ತದಲ್ಲ! ಇನ್ನೊಂದು ಮಾತು. ನೆನಪನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಹೇಳಿ ಹೇಳಿ ಅದು ನುಣುಪಾಗುತ್ತದೆ. ಹಾಗಾಗಿ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ರೋಸ್ಲಿನ್ ಎಂಬ ನರ್ಸ್ ಇದ್ದಳು. ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪದವಳು. ಅಲ್ಲಿ ಡಿಸೆಂಬರ್ ನಡುವಿನಿಂದ ಹೊಸವರ್ಷದವರೆಗೂ ಹಬ್ಬವಂತೆ. ಕ್ರಿಸ್‌ಮಸ್‌ನ ಮರುದಿನವೂ ರಜೆ, ಜನವರಿ ಒಂದಕ್ಕೆ ಮೆರವಣಿಗೆ. ನವಿಲುಗರಿಯ ಎತ್ತರದ ಟೋಪಿ, ತಂತಿಬಲೆಯ ಮುಖವಾಡ, ಮೈತುಂಬ ರಿಬ್ಬನ್ನು ಕಟ್ಟಿದ ವೇಷದವರು ಡೋಲು ಕೊಳಲಿಗೆ ಕುಣಿಯುತ್ತ ಬರುತ್ತಾರೆ. ಮುಂದೆ ನಾಯಕ ಚಾಟಿ ಬೀಸಿ ದಾರಿ ಬಿಡಿಸುತ್ತಾನೆ. ಕೇಳಿ ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಇದು ನಮ್ಮ ಹುಲಿವೇಷದ ತಮ್ಮನೇ ಸರಿ ಎಂದು ಮೊಬೈಲಿನಲ್ಲಿ ನಮ್ಮೂರಿನ ಹುಲಿಗಳನ್ನು ತೋರಿಸಿದೆ. ಇಬ್ಬರೂ ಅಡುಗೆಮನೆಯಲ್ಲೇ ಕುಣಿದೆವು.

ಆ ಚಾಟಿ ಅವಳ ತಮ್ಮ ಡೇವಿಯ ಕೈಯಲ್ಲಿರುತ್ತಿತ್ತು. ಜ್ವಾಲಾಮುಖಿ ಸಿಡಿದು ಅವರ ಊರು ಬೂದಿಯಡಿ ಹೋದಮೇಲೆ ಡೇವಿ ದೋಣಿ ಹತ್ತಿ ಬೇರೆ ದ್ವೀಪಕ್ಕೆ ಕೆಲಸ ಹುಡುಕಿ ಹೋದವನು. ಮತ್ತೆ ಸುದ್ದಿಯಿಲ್ಲ. ಅವಳ ಮನೆಯಲ್ಲೂ ಹಬ್ಬಕ್ಕೆ ಸತ್ತವರಿಗೆ ಮೇಜಿನ ಮೇಲೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವ ಪದ್ಧತಿಯಿತ್ತು. ಡೇವಿಗೂ ಒಂದು ತಟ್ಟೆ ಇಡು, ಪಾಪ ಹಸಿದು ಅಲೆಯುತ್ತಿರಬಹುದು ಎಂದು ಚಿಕ್ಕಮ್ಮಂದಿರು ಫೋನಿನಲ್ಲಿ ಪ್ರತಿವರ್ಷ ಹೇಳುತ್ತಿದ್ದರು. ರೋಸ್ಲಿನ್ ಒಪ್ಪುತ್ತಿರಲಿಲ್ಲ. “ಬಡಿಸಿದರೆ ಅವನನ್ನು ನಾನೇ ಸಾಯಿಸಿದ ಹಾಗಲ್ಲವಾ?” ಎನ್ನುತ್ತಿದ್ದಳು.

ಒಂದು ವರ್ಷ ತನ್ನ ಹಿರಿಯರಿಗೆ ಬಡಿಸುವಾಗ ಅವಳು ನಮ್ಮನ್ನೂ ಕರೆದಳು. ಜನವರಿ ಒಂದು ದುಬೈಯಲ್ಲೂ ರಜೆ. ಕೆಲವು ಬಾಲ್ಕನಿಗಳಲ್ಲಿ ಡಿಸೆಂಬರ್ ಎರಡರ ರಾಷ್ಟ್ರೀಯ ದಿನದ ಬಾವುಟಗಳು ಇನ್ನೂ ಇಳಿದಿರಲಿಲ್ಲ. ಮಧ್ಯಾಹ್ನವಿಡೀ ಅವಳ ಮನೆಯಲ್ಲಿ ಲವಂಗ ಹಾಕಿದ ಆಡಿನ ಸಾರು ಕುದಿಯಿತು. ನನ್ನ ಗಂಡ ಸುಧೀರ ಮೇಜು ಸರಿಸಿಕೊಟ್ಟ. ರೋಸ್ಲಿನ್ ಮುಖ ತೊಳೆಯಲು ಹೋದಾಗ ಬಡಿಸಿದವಳು ನಾನು. ಅವಳ ಅಪ್ಪ, ಅಮ್ಮ, ಅಜ್ಜಿ, ಹೀಗೆ ಮೂರು ತಟ್ಟೆ. ನಮ್ಮ ಮನೆಯಲ್ಲಿ ಹೆಸರು ಮರೆತುಹೋದ ಹಿರಿಯರಿಗೆಂದು ಯಾವಾಗಲೂ ಒಂದು ಎಲೆ ಹೆಚ್ಚು ಹಾಕುತ್ತೇವೆ. ಕೈ ಅದೇ ರೂಢಿಯಲ್ಲಿ ನಾಲ್ಕನೆಯದನ್ನೂ ಇಟ್ಟಿತು. ಇಟ್ಟಿತೆಂದು ನನ್ನ ನೆನಪು.

ಬಾಗಿಲು ಮುಚ್ಚಿ ಕಾರಿಡಾರಿನಲ್ಲಿ ನಿಂತಮೇಲೆ ನಾಲ್ಕು ತಟ್ಟೆ ಬಡಿಸಿದ್ದನ್ನು ಹೆಮ್ಮೆಯಿಂದಲೇ ಹೇಳಿದೆ. ರೋಸ್ಲಿನ್‌ಳ ಮುಖ ಬಿಳಿಚಿತು.

“ನಾಲ್ಕನೆಯದು ಯಾರಿಗೆ, ಗರ್ಲ್? ನಮ್ಮಲ್ಲಿ ಸತ್ತವರ ಲೆಕ್ಕಕ್ಕೂ ಬದುಕಿದವರ ಲೆಕ್ಕಕ್ಕೂ ಸಿಗದವನು ಡೇವಿಯೊಬ್ಬನೇ!”

ಓಡಿ ತೆಗೆಯೋಣವೆಂದರೆ ಬಡಿಸಿದಮೇಲೆ ನಡುವೆ ಬಾಗಿಲು ತೆರೆಯುವಂತಿಲ್ಲ. ಅವಳಲ್ಲೂ ಹಾಗೇ, ನಮ್ಮಲ್ಲೂ ಹಾಗೇ.

“ಎಂಥ ನಾಲ್ಕು? ನಾನು ಕಂಡದ್ದು ಮೂರೇ ಮಾರಾಯ್ತಿ,” ಎಂದ ಸುಧೀರ. “ಹಸಿವಿಗೆ ನಿನಗೆ ಎರಡೆರಡು ಕಾಣ್ತಾ ಉಂಟು. ಯಲ್ಲಾ, ಬೇಗ ಮುಗಿಸಿ. ಸತ್ತವರಿಗೆ ಉಂಟು, ಬದುಕಿದವನಿಗೆ ಇಲ್ಲ!”

ಅವನ ಮಾತು ಮುಗಿಯುವಷ್ಟರಲ್ಲಿ ಒಳಗಿನಿಂದ ಛಟೀರ್ ಎಂದು ಸದ್ದಾಯಿತು. ಮತ್ತೊಮ್ಮೆ. ರೋಸ್ಲಿನ್ ನನ್ನ ಮಣಿಕಟ್ಟು ಹಿಡಿದಳು. ಅವಳ ಉಗುರು ಚುಚ್ಚಿದ್ದು ಮಾತ್ರ ಖಚಿತ.

“ಪಟಾಕಿ,” ಎಂದ ಸುಧೀರ. “ಹೊಸವರ್ಷ ಅಲ್ವಾ.”

“ಚಾಟಿ! ಕೇಳಿತಾ?” ಎಂದು ಅವಳು ನನ್ನನ್ನು ಕೇಳಿದಳು. ಹೌದು ಎಂದೆ.

ಪದ್ಧತಿಯಂತೆ ಬಾಗಿಲು ತಟ್ಟಿ ಒಳಹೋದೆವು. ಮೇಜಿನ ಮೇಲೆ ಮೂರೇ ತಟ್ಟೆಗಳಿದ್ದವು. ಅವಳ ಬಳಿ ಇದ್ದ ನೀಲಿ ಅಂಚಿನ ತಟ್ಟೆಗಳು ನಾಲ್ಕು. ನಾಲ್ಕನೆಯದು ಅಡುಗೆಮನೆಯ ಸಿಂಕಿನ ಪಕ್ಕದ ಸ್ಟ್ಯಾಂಡಿನಲ್ಲಿ ನಿಂತಿತ್ತು. ತೊಳೆದದ್ದು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ರೋಸ್ಲಿನ್ ಕಿರುಚಿದಳು. ಹೆದರಿಕೆಯಿಂದಲ್ಲ.

“ವಾಪಸ್ ಕೊಟ್ಟ! ಸತ್ತವರ ಊಟ ನನಗಲ್ಲ ಅಂತ ತೊಳೆದಿಟ್ಟು ಹೋದ! ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ, ಕಳ್ಳ!” ಎನ್ನುತ್ತ ಒದ್ದೆ ಟವೆಲನ್ನು ಚಾಟಿಯಂತೆ ಬೀಸಿ ಕುಣಿಯತೊಡಗಿದಳು. ಸುಧೀರ ಪಾತ್ರೆಯ ಮುಚ್ಚಳವನ್ನೇ ತಾಸೆ ವಾದ್ಯ ಮಾಡಿ ಹುಲಿವೇಷದ ಪೆಟ್ಟು ಬಾರಿಸಿದ. ನಾನೂ ಕುಣಿದೆ. ಅಷ್ಟು ಸಂತೋಷದಲ್ಲಿ ನಾನು ಊಟ ಮಾಡಿದ್ದು ಕಡಿಮೆ.

ಚಿಕ್ಕಮ್ಮಂದಿರಿಗೆ ಅವಳು ಅಂದೇ ಫೋನಿನಲ್ಲಿ ಹೇಳಿಬಿಟ್ಟಳು, ಡೇವಿಗೆ ಇನ್ನು ತಟ್ಟೆಯ ಮಾತೆತ್ತಬೇಡಿ ಎಂದು. ಆಮೇಲೆ ಅಲ್ ಐನ್ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಹೋದಳು. ಪ್ರತಿ ಹೊಸವರ್ಷಕ್ಕೆ ಮೂರು ತಟ್ಟೆಗಳ ಫೋಟೋ ಕಳಿಸುತ್ತಾಳೆ. ಡೇವಿಯ ಸುದ್ದಿ ಈವರೆಗೂ ಬಂದಿಲ್ಲ.

ಬಡಿಸುವ ಮುಂಚೆ ತೊಳೆದ ನಾಲ್ಕನೆಯ ತಟ್ಟೆಯನ್ನು ಮೇಜಿಗೆ ತರಲು ನೀನೇ ಮರೆತೆ ಎನ್ನುತ್ತಾನೆ ಸುಧೀರ. ಇರಬಹುದು. ಆದರೆ ಅದಕ್ಕೆ ಸಾರು ಹಾಕುವಾಗ ಹೆಬ್ಬೆರಳು ಸುಟ್ಟದ್ದು ನೆನಪಿದೆಯಲ್ಲ? ಅಥವಾ ಸುಟ್ಟದ್ದು ಮೂರನೆಯ ತಟ್ಟೆಗೆ ಹಾಕುವಾಗಲೋ? ಡೇವಿ ನಿಜಕ್ಕೂ ಇಲ್ಲವಾಗಿದ್ದರೆ, ನಮ್ಮ ಕುಣಿತದಿಂದ ತಟ್ಟೆ ತಪ್ಪಿ ಅವನು ಇನ್ನೂ ಹಸಿದೇ ಇದ್ದಾನೆಯೆ? ಆ ಸಂಜೆ ಅವಳು ಕೇಳಿತಾ ಎಂದಾಗ ಹೌದು ಎಂದೆನಲ್ಲ, ಅದು ಚಾಟಿಯೆಂದೇ ಕೇಳಿಸಿ ಹೇಳಿದೆನೋ ಅವಳ ಮುಖ ನೋಡಿ ಹೇಳಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.