ಹೆಸರುಕಾಳು ಹೆಕ್ಕಿಸಿದ ಶರಣಾಬಾಯಿ

ಶರಣಾಬಾಯಿಯವರು ಪಾಠಕ್ಕೆ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಆಮೇಲೆ ಚಪ್ಪಲಿ ಬಿಟ್ಟರೆಂದರೆ ಆ ದಿನ ಪುಸ್ತಕ ಮುಚ್ಚಿಟ್ಟು ಎಲ್ಲರೂ ಬಯಲಿಗೆ ನಡೆಯಬೇಕು ಎಂದರ್ಥ. ಬರಿಗಾಲಲ್ಲಿ ಅವರು ಮುಂದೆ, ನಾವು ಹಿಂದೆ.

ಅರವತ್ತರ ದಶಕದ ಕೊನೆಯ ಮಾತು. ನಾಸಿಕದ ಹತ್ತಿರದ ದೇವಳಾಲಿ ಕ್ಯಾಂಪಿನ ಹುಡುಗಿಯರ ಶಾಲೆಯಲ್ಲಿ ಅವರು ಜೀವಶಾಸ್ತ್ರ ಕಲಿಸುತ್ತಿದ್ದರು. ಊರು ಬೀದರ, ಹೆಸರು ಶರಣಮ್ಮ. ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯರನ್ನು ಬಾಯಿ ಎನ್ನುವುದು ರೂಢಿಯಾದ್ದರಿಂದ ಶರಣಾಬಾಯಿಯಾಗಿದ್ದರು. ನನ್ನ ಅಪ್ಪ ಉಡುಪಿ ಕಡೆಯಿಂದ ಬಂದು ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟಿದ್ದರು. ತರಗತಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಪಾಠವೆಲ್ಲ ಮರಾಠಿಯಲ್ಲಿ, ನನ್ನನ್ನು ಗದರುವುದು ಮಾತ್ರ ಕನ್ನಡದಲ್ಲಿ. ಆ ಗದರಿಕೆಗಾಗಿ ನಾನು ಕಾಯುತ್ತಿದ್ದೆ.

ಒಮ್ಮೆ ಕೋಳಿ ರೆಕ್ಕೆಯ ಎಲುಬುಗಳನ್ನು ಕುದಿಸಿ, ತೊಳೆದು, ಬಟ್ಟೆಯಲ್ಲಿ ಕಟ್ಟಿ ತಂದರು. ಕೊರಳಲ್ಲಿ ಲಿಂಗವಿದ್ದ, ಮೊಟ್ಟೆಯನ್ನೂ ಮುಟ್ಟದ ಹೆಂಗಸು. ನಾನು ಮೂಗು ಮುಚ್ಚಿಕೊಂಡಾಗ, "ನಾನೂ ತಿನ್ನಂಗಿಲ್ಲ. ನೋಡಾಕೇನಾಗೈತಿ? ನಿನ್ನ ಕೈ ಹಿಚುಕಿ ನೋಡ್ಕೋ. ಮ್ಯಾಲೊಂದು ಎಲುಬು, ಕೆಳಗೆರಡು. ಅದರದೂ ಹಂಗ ಅದ ಇಲ್ಲೋ?" ಎಂದರು. ಹಂಗೇ ಇತ್ತು. ಆ ದಿನ ಮನೆಯಲ್ಲಿ ಅಮ್ಮನ ಮೊಣಕೈಯನ್ನೂ ಹಿಚುಕಿ ಬೈಸಿಕೊಂಡೆ.

ನನ್ನ ಬದುಕಿಗೆ ತಿರುವು ಕೊಟ್ಟದ್ದು ಕಾಳಿನ ಪಾಠ. ಶಾಲೆಯ ಹಿಂದಿನ ಹುಲ್ಲಿನಲ್ಲಿ ಹೆಸರುಕಾಳು, ಬಿಳಿಜೋಳ ಎರಡನ್ನೂ ಎಣಿಸಿ ಚೆಲ್ಲಿದರು. ನಾವು ಗುಬ್ಬಿಗಳು. ಅವರು ಇಪ್ಪತ್ತು ಎಣಿಸುವುದರೊಳಗೆ ಸಿಕ್ಕಿದ್ದನ್ನು ಹೆಕ್ಕಬೇಕು. ಹೆಕ್ಕಿದ್ದನ್ನು ಲೆಕ್ಕ ಹಾಕಿ, ಹುಲ್ಲಲ್ಲಿ ಉಳಿದ ಒಂದೊಂದು ಕಾಳಿಗೂ ಅದೇ ಬಣ್ಣದ ಇನ್ನೊಂದನ್ನು ಸೇರಿಸುತ್ತಿದ್ದರು. ಅದು ಅದರ ಮರಿ. ಮೂರು ಸುತ್ತಿನಲ್ಲಿ ಜೋಳ ಮುಗಿಯುತ್ತ ಬಂದು, ಹುಲ್ಲೆಲ್ಲ ಹೆಸರುಕಾಳಾಯಿತು. ಹಸಿರು ಹುಲ್ಲಿನಲ್ಲಿ ಹಸಿರು ಕಾಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನನ್ನ ಕಣ್ಣಿಗೆ ಮಾತ್ರ ಬಿಳಿಜೋಳವೂ ಬಿದ್ದಿರಲಿಲ್ಲ. ಮೂರು ಸುತ್ತಿನಲ್ಲೂ ಬರಿಗೈ. ಈ ಗುಬ್ಬಿ ಉಪವಾಸ ಸಾಯುತ್ತದೆ ಎಂದು ಹುಡುಗಿಯರು ನಕ್ಕರು. ಗಣಿತದಲ್ಲಿ ದಡ್ಡಿ ಎಂದು ನನಗೆ ಆಗಲೇ ಹೆಸರಿತ್ತು, ಈಗ ಇದೂ ಸೇರಿತು. ಶರಣಾಬಾಯಿ ನಗಲಿಲ್ಲ. ಬೆಲ್ ಆದ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು: "ಹಲಗಿ ಮ್ಯಾಲ ಬರದದ್ದು ಕಾಣ್ತದೇನು ನಿನಗ?"

"ಎಲ್ಲರಿಗೂ ಮಸುಕಾಗಿಯೇ ಅಲ್ವಾ ಕಾಣೋದು?" ಎಂದೆ.

ಅವರು ಅಂದೇ ಸಂಜೆ ಹೋಟೆಲಿಗೆ ಬಂದರು. ಅಪ್ಪ ಗಾಬರಿಯಿಂದ ಕುರ್ಚಿ ಒರೆಸಿದರು. ವಿಷಯ ತಿಳಿದಾಗ ಮುಖ ಸಪ್ಪಗಾಯಿತು.

"ಹೆಣ್ಣುಹುಡುಗಿ, ಟೀಚರೇ. ಈಗಲೇ ಕನ್ನಡಕ ಹಾಕಿದ್ರೆ ನಾಳೆ ಯಾರು ಒಪ್ತಾರೆ?"

"ಒಪ್ಪೋರು ಒಪ್ಪಲಿ, ಬಿಡೋರು ಬಿಡಲಿ ರಾಯರ. ಆಕಿ ದಡ್ಡಿ ಅಲ್ಲರಿ. ಕಾಣಂಗಿಲ್ಲ ಆಕಿಗೆ. ಇಷ್ಟು ವರ್ಷ ಕಾಣದನ ಪಾಸಾಗ್ಯಾಳಂದ್ರ, ಕಂಡಮ್ಯಾಲೆ ಏನ್ ಮಾಡ್ತಾಳ ವಿಚಾರ ಮಾಡ್ರಿ."

ಮುಂದಿನ ಭಾನುವಾರ ಅಪ್ಪ ನನ್ನನ್ನು ನಾಸಿಕಕ್ಕೆ ಕರೆದೊಯ್ದರು.

ಕನ್ನಡಕ ಹಾಕಿಕೊಂಡು ಶಾಲೆಗೆ ಹೋದ ದಿನ ಶರಣಾಬಾಯಿಯವರ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಎರಡು ವರ್ಷ ಅವರ ಮುಂದೆ ಕೂತಿದ್ದೆ. ನನಗೆ ಗೊತ್ತೇ ಇರಲಿಲ್ಲ. ನಾನು ದಿಟ್ಟಿಸುತ್ತಿದ್ದದ್ದು ಅವರಿಗೆ ತಿಳಿಯಿತು. "ಈಗ ಕಂಡ್ವು ಇಲ್ಲೋ?" ಎಂದು ನಕ್ಕರು.

ಆ ವಾರ ನಾನು ಉತ್ತರಪತ್ರಿಕೆಯಲ್ಲಿ, ಒಳ್ಳೆಯ ಜೀವಿಗಳು ಉಳಿದವು, ಕೆಟ್ಟವು ಸತ್ತವು ಎಂದು ಬರೆದಿದ್ದೆ. ಆ ಸಾಲನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಯಾಕೆಂದು ಕೇಳಲು ಹೋದೆ. ಅವರು ಪೆನ್ನು ಮುಚ್ಚಿಟ್ಟರು.

"ನಮ್ಮ ಮನ್ಯಾಗ ಮೂರು ಮಂದಿಗೆ ಅಮ್ಮ ಬಂದಿದ್ಲು, ಸುಮತಿ. ನಮ್ಮಣ್ಣ, ನಮ್ಮ ತಂಗಿ, ನಾನು. ಉಳದಾಕಿ ನಾನೊಬ್ಬಾಕಿ. ನಮ್ಮ ತಂಗಿ ನನಗಿಂತ ಭಾಳ ಶಾಣೇ ಇದ್ಲು. ಉಳಿಯೂದು ಬ್ಯಾರೆ, ಒಳ್ಳೇದಿರೂದು ಬ್ಯಾರೆ. ಅದನ್ನ ಕಲಸಿ ಬರೀಬ್ಯಾಡ."

ಅಷ್ಟೇ ಹೇಳಿ ಮುಂದಿನ ಪತ್ರಿಕೆ ತೆಗೆದುಕೊಂಡರು. ನಾನು ಅಲ್ಲೇ ನಿಂತಿದ್ದೆ.

ನಾನು ಮೆಟ್ರಿಕ್ ಮುಗಿಸಿದ ವರ್ಷ ಅವರು ವೈಜಾಪುರದ ಶಾಲೆಗೆ ಹೋದರು. ನನಗೆ ಮುಂದೆ ಔರಂಗಾಬಾದಿನಲ್ಲಿ ಟೆಲಿಫೋನ್ ಕಚೇರಿಯ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರಿದೆ, ಒಂದು ಭಾನುವಾರ ಬರುತ್ತೇನೆ ಎಂದು ಅವರಿಗೆ ಒಂದು ಕಾರ್ಡು ಬರೆದೆ. ವೈಜಾಪುರ ಬಸ್ಸಿನಲ್ಲಿ ಎರಡೂವರೆ ತಾಸಿನ ದಾರಿ. ಒಂದು ಭಾನುವಾರ ಬಟ್ಟೆ ಒಗೆಯುವುದಿತ್ತು, ಒಂದು ಭಾನುವಾರ ಗೆಳತಿಯ ಮದುವೆ, ಇನ್ನೊಂದು ಭಾನುವಾರ ಬಿಸಿಲು. ಹೀಗೆ ಮೂರು ವರ್ಷ ಕಳೆದವು.

ಕೊನೆಗೆ ಹೋದಾಗ ಅವರ ಕೋಣೆಯ ಬಾಗಿಲಿಗೆ ಬೀಗವಿತ್ತು. ದೀಪಾವಳಿಗೆ ಮುಂಚೆ ಎರಡೇ ದಿನದ ಜ್ವರದಲ್ಲಿ ಹೋಗಿಬಿಟ್ಟರು ಎಂದು ಮನೆಯೊಡತಿ ಹೇಳಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮರಾಠಿಯಲ್ಲಿ ಕೇಳಿದಳು: "ಔರಂಗಾಬಾದಿನಾಕೆ ನೀವೇ ಏನು? ನಮ್ಮ ಹುಡುಗಿ ಒಬ್ಬಾಕಿ ಬರ್ತಾಳೆ ಅಂತ ಪ್ರತಿ ಭಾನುವಾರ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತಿದ್ರು ಬಾಯಿ."

ಹೌದು, ನಾನೇ ಎಂದೆ.

ಆಕೆ ಒಳಗೆ ಕರೆದಳು, ನಾನು ಹೋಗಲಿಲ್ಲ. ವಾಪಸು ಬಸ್ಸು ಐದು ಗಂಟೆಗೆ. ಅಲ್ಲಿಯವರೆಗೆ ಬೀಗ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದೆ.