ಏನೂ ಕೊಡದ ವೈದ್ಯ

ಆ ಮನುಷ್ಯನನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಐವತ್ತರ ದಶಕ, ಕರ್ನೂಲು ರಾಜ್ಯದ ರಾಜಧಾನಿಯಾಗಿದ್ದ ಕಾಲ. ಆದೋನಿಯ ನಮ್ಮ ಹತ್ತಿ ಅಂಗಡಿಯ ಹಿಂದಿನ ಓಣಿಯಲ್ಲಿ ಪ್ರಕೃತಿ ಚಿಕಿತ್ಸೆಯೆಂದು ಬೋರ್ಡು ಹಾಕಿಕೊಂಡು ಕೂತಿದ್ದ. ಖಾದಿ ಪಂಚೆ, ಮೆಲ್ಲಗಿನ ಮಾತು. ಎಲ್ಲಿ ಕಲಿತನೋ, ಯಾರೂ ಕೇಳಲಿಲ್ಲ. ಫೀಸು ತೆಗೆದುಕೊಳ್ಳುತ್ತಿರಲಿಲ್ಲ, ಅಪ್ಪನಿಗೆ ಅಷ್ಟೇ ಸಾಕಾಯಿತು. ತೂಕಕ್ಕೆಂದು ನೀರು ಚಿಮುಕಿಸಿದ ಹತ್ತಿಯನ್ನು ಮುಟ್ಟಿದೊಡನೆ ಹಿಡಿಯುತ್ತಿದ್ದ ಅಪ್ಪ, "ರೊಕ್ಕ ಮುಟ್ಟದಾಂವ ಮೋಸ ಯಾಕ ಮಾಡ್ತಾನ?" ಎಂದುಬಿಟ್ಟರು.

ಹೊಳಗುಂದಕ್ಕೆ ಕೊಟ್ಟಿದ್ದ ಅಕ್ಕ ಹೆರಿಗೆಗೆ ಬಂದಿದ್ದಳು. ಮಗು ಹುಟ್ಟಿದ ವಾರಕ್ಕೆ ಆಕೆಗೆ ಜ್ವರ ಬಂತು. ಅಪ್ಪ ಅವನನ್ನೇ ಕರೆತಂದರು. ಅವನು ಬಾಣಂತಿಯ ತುಪ್ಪ, ರೊಟ್ಟಿ, ಶುಂಠಿ ಎಲ್ಲ ಬಿಡಿಸಿ, ಲಿಂಬೆ ನೀರಿನ ಉಪವಾಸಕ್ಕೆ ಹಚ್ಚಿ, ಹೊಟ್ಟೆಗೆ ಹಸಿ ಮಣ್ಣಿನ ಪಟ್ಟಿ ಕಟ್ಟಿಸಿದ. "ಬಾಣಂತಿ ಹೊಟ್ಟಿಗೆ ತಣ್ಣನ ಮಣ್ಣು ಮೆತ್ತತಾರೇನು?" ಎಂದು ಅಜ್ಜಿ ಸಿಡುಕಿದಳು. ಅಪ್ಪ ಆಕೆಯ ಬಾಯಿ ಮುಚ್ಚಿಸಿದರು. ಅಕ್ಕನ ಎದೆಹಾಲು ಬತ್ತಿತು. ಕೂಸಿಗೆ ಆಕಳ ಹಾಲನ್ನಾದರೂ ಹಾಕೋಣವೆಂದರೆ ಅದೂ ಕೂಡದಂತೆ. "ದನದ ಹಾಲು ದನದ ಕರುವಿಗೆ. ತಾಯಿ ಶುದ್ಧ ಆದ್ರ ಹಾಲು ತಾನೇ ಬರ್ತೈತಿ" ಎಂದ. ಕೂಸಿನ ಅಳು ದಿನೇ ದಿನೇ ಸಣ್ಣದಾಯಿತು.

ನಾನು ಹೆಲ್ತ್ ಆಫೀಸಿಗೆ ಓಡಿದೆ. ಲೈಸೆನ್ಸ್ ಬಿಲ್ಲೆಯಿಲ್ಲದ ಸೈಕಲ್ಲನ್ನು ಹಿಡಿದು ನಿಲ್ಲಿಸುವ ಊರು ನಮ್ಮದು. ಇವನನ್ನು ತಡೆಯಲು ಏನೋ ಒಂದು ಇದ್ದೇ ಇರುತ್ತದೆಂದು ನಂಬಿದ್ದೆ.

"ಔಷಧಿ ಏನು ಕೊಟ್ಟಾನ್ರಿ ಆತ?" ಎಂದು ಅಧಿಕಾರಿ ಕೇಳಿದ.

"ಏನೂ ಕೊಟ್ಟಿಲ್ಲ ಸಾರ್. ತಿನ್ನೋದನ್ನೂ ಬಿಡಿಸ್ಯಾನ."

"ಮತ್ತ ಏನಂತ ಕೇಸ್ ಹಾಕ್ಲಿ? ಔಷಧಿ ಕೊಡೋರಿಗೆ ರಿಜಿಸ್ಟ್ರೇಷನ್ ಐತಿ. ಮಣ್ಣು, ನೀರು, ಉಪವಾಸಕ್ಕ ಸರ್ಕಾರದಾಗ ಯಾವ ಕಾನೂನೂ ಇಲ್ರಿ" ಎಂದು ಎಲೆ-ಅಡಿಕೆ ಉಗುಳಲು ಎದ್ದು ಹೋದ. ಆ ಉಗುಳು ಅವನ ಮುಖಕ್ಕೇ ಬೀಳಲೆಂದು ಶಪಿಸಿದೆ.

ಮನೆಗೆ ಬಂದು, ಅಪ್ಪನ ಮಾತು ಮೀರಿ, ಅಜ್ಜಿಯೂ ನಾನೂ ಬಟ್ಟೆಯ ಬತ್ತಿಯಿಂದ ಕೂಸಿನ ಬಾಯಿಗೆ ಹಾಲು ಹಿಂಡಿದೆವು. ನುಂಗುವ ತ್ರಾಣ ಅದಕ್ಕಿರಲಿಲ್ಲ. ಹಾಲು ಕಟವಾಯಿಂದ ಹೊರಗೇ ಹರಿಯಿತು. ಬೆಳಗಾಗುವುದರೊಳಗೆ ಕೂಸು ಹೋಯಿತು. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದೆವು, ಆಕೆ ಹೇಗೋ ಉಳಿದಳು.

ಸಂಜೆ ಅವನು ಮಾತಾಡಿಸಲು ಬಂದ. "ಪ್ರಕೃತಿ ಕೊಟ್ಟದ್ದನ್ನ ಪ್ರಕೃತಿನೇ ತಗೊಂಡ್ತು" ಎಂದ. ಅಪ್ಪ ತಲೆತಗ್ಗಿಸಿ ಒಳಗೆ ಹೋಗಿ, ರೊಕ್ಕ ಮುಟ್ಟದ ದೊಡ್ಡ ಮನುಷ್ಯನಿಗೆಂದು ಒಂದು ಲೋಟ ಆಕಳ ಹಾಲು ತಂದುಕೊಟ್ಟರು. ಅವನು ಸಕ್ಕರೆ ಇನ್ನಷ್ಟು ಹಾಕಿಸಿಕೊಂಡು ಪೂರ್ತಿ ಕುಡಿದ.