ಮೈಕಿನ ಮುಂದೆ ಎರಡು ಡಜನ್ ಹಸಿರು ಬಳೆ

ಯಾರಿಗೂ ಕಾಣಿಸದ ರೇಡಿಯೋದಲ್ಲಿ ಮಾತಾಡಲು ಕೋಟು, ಟೈ ಯಾಕೆ? ಮೆಲ್ಬರ್ನಿನ ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದ ಹಿರಿಯರನ್ನು ಮೊದಲ ದಿನವೇ ಇದನ್ನು ಕೇಳಿ ಬೈಸಿಕೊಂಡೆ. ಅವರು ಹಿಂದೆ ಭಾರತದಲ್ಲಿ ರೇಡಿಯೋ ನಿಲಯದ ಉದ್ಘೋಷಕರಾಗಿದ್ದವರು. ಆಗೆಲ್ಲ ಇಸ್ತ್ರಿ ಬಟ್ಟೆಯಿಲ್ಲದೆ ಯಾರೂ ಸುದ್ದಿ ಓದುತ್ತಿರಲಿಲ್ಲವಂತೆ.

"ಬಟ್ಟೆ ಸಡಿಲ ಆದ್ರೆ ನಾಲಿಗೇನೂ ಸಡಿಲ ಆಗತ್ತೆ ಕಣಮ್ಮಾ. ಮತ್ತೆ ಸ್ಟುಡಿಯೋ ಒಳಗೆ ಅಂಕಲ್ ಗಿಂಕಲ್ ಇಲ್ಲ. ಸಾರ್ ಅನ್ನು."

ಚಪ್ಪಲಿ ಬಾಗಿಲ ಹೊರಗೆ. ಜೇಬಿನ ಚಿಲ್ಲರೆ, ಕೀಲಿಗೊಂಚಲು ಮೇಜಿನ ಮೇಲೆ. ಸುದ್ದಿಯ ಹಾಳೆಗಳಿಗೆ ಪಿನ್ನು ಹೊಡೆಯುವಂತಿಲ್ಲ. ಕೈಯಲ್ಲಿ ಬಳೆ ಇರಲೇಬಾರದು, ಸಣ್ಣ ಸದ್ದೂ ಮೈಕಿಗೆ ಸಿಗುತ್ತದೆ. ಈ ಕಾಯಿದೆಗಳೆಲ್ಲ ನಮಗೆ ಮಾತ್ರ. ಸೌಂಡ್ ನೋಡಿಕೊಳ್ಳುತ್ತಿದ್ದ ಆಸ್ಟ್ರೇಲಿಯನ್ ಹುಡುಗಿ ಮಾತ್ರ ಚಳಿಯಲ್ಲೂ ಚಡ್ಡಿ ತೊಟ್ಟು, ಕೊರಳಿಗೆ ತನ್ನ ಮೆಚ್ಚಿನ ಫುಟ್‌ಬಾಲ್ ತಂಡದ ಉಣ್ಣೆ ಮಫ್ಲರ್ ಸುತ್ತಿಕೊಂಡು ರಾಣಿಯಂತೆ ಕೂರುತ್ತಿದ್ದಳು. ನನಗೆ ಹೊಟ್ಟೆಕಿಚ್ಚು.

ಒಂದು ವರ್ಷ ಫೋನ್ ಎತ್ತಿ, ಸಿ.ಡಿ. ಜೋಡಿಸಿದ ಮೇಲೆ ನನಗೂ ಸುದ್ದಿ ಓದುವ ಭಾಗ್ಯ ಬಂತು. ಮೆಲ್ಬರ್ನಿನ ಉತ್ತರ ತುದಿಯ ಕ್ರೇಗಿಬರ್ನ್‌ನಿಂದ ಹಿಡಿದು ದಕ್ಷಿಣ ತುದಿಯ ಕ್ರಾನ್‌ಬರ್ನ್‌ವರೆಗೆ ಪರಿಚಯದವರಿಗೆಲ್ಲ ಡಂಗುರ ಸಾರಿದ್ದೆ. ಹಿಂದಿನ ದಿನವೇ ನನ್ನ ಸೀಮಂತ. ಅದಕ್ಕೆಂದೇ ದಾವಣಗೆರೆಯಿಂದ ಬಂದಿದ್ದ ಅತ್ತೆ ಎರಡು ಡಜನ್ ಹಸಿರು ಗಾಜಿನ ಬಳೆ ತೊಡಿಸಿ ಹೇಳಿದ್ದರು, "ಹೆರಿಗೆ ಆಗೋತನ್ಕ ತೆಗೀಬಾರ್ದು ನೋಡವ್ವಾ. ಬಳೆ ಸದ್ದು ಒಳಗಿರೋ ಕೂಸಿಗೆ ಕೇಳಿಸ್ತಿರ್ಬೇಕು."

ಅತ್ತ ದರಿ, ಇತ್ತ ಪುಲಿ. ರೇಷ್ಮೆ ಸೀರೆಯುಟ್ಟು ಸ್ಟುಡಿಯೋಗೆ ಹೋದೆ. ಹಾಳೆ ಎತ್ತಿದ್ದೇ ತಡ, ಕಂಟ್ರೋಲ್ ರೂಮಿನಲ್ಲಿ ಹುಡುಗಿ ಹೆಡ್‌ಫೋನ್ ಕಿತ್ತು ಕಿವಿ ಮುಚ್ಚಿಕೊಂಡಳು.

"ತೆಗಿಯಮ್ಮ," ಎಂದರು ಸಾರ್.

"ಆಗಲ್ಲ ಸಾರ್. ಸೀಮಂತದ್ದು. ಕೈ ಬೇರೆ ಊದಿದೆ. ಎಳೆದ್ರೆ ಒಡೆದೇ ಹೋಗುತ್ತೆ."

"ಹಾಗಾದ್ರೆ ಇವತ್ತು ನಾನೇ ಓದ್ತೀನಿ."

ಪ್ರಸಾರವಾಗುತ್ತಿದ್ದ ಹಾಡು ಮುಗಿಯಲು ಮೂರು ನಿಮಿಷವಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಓದಿ ಸಾರ್. ಮೈಕಿಗೆ ಮಡಿ, ನಮಗೆ ಮೈಲಿಗೆ!" ಎಂದು ಹಾಳೆ ಕುಕ್ಕಿದೆ. ಬಳೆಗಳು ಇನ್ನಷ್ಟು ಸದ್ದು ಮಾಡಿದವು.

ಅವರು ನನ್ನ ಮುಖವನ್ನೂ ಹೊಟ್ಟೆಯನ್ನೂ ಒಮ್ಮೆ ನೋಡಿದರು. ಆಮೇಲೆ ಕೊರಳಿನ ಟೈ ಬಿಚ್ಚಿದರು. ಯಾವ ಬಿಸಿಲಿಗೂ ಬಿಚ್ಚದ ಟೈ! ಅದನ್ನು ನನ್ನ ಬಲಗೈ ಬಳೆಗಳ ಸುತ್ತ ಬಿಗಿಯಾಗಿ ಸುತ್ತಿದರು. ಗಾಜಿನಾಚೆಯಿಂದ ನೋಡುತ್ತಿದ್ದ ಹುಡುಗಿ ಓಡಿಬಂದು ಎಡಗೈಗೆ ತನ್ನ ಮಫ್ಲರ್ ಸುತ್ತಿದಳು. ಎರಡೂ ಕೈಗೆ ಬ್ಯಾಂಡೇಜು ಬಿದ್ದವಳಂತೆ ಕೂತು ಒಂದು ಅಕ್ಷರವೂ ತಪ್ಪದೆ ಸುದ್ದಿ ಓದಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಕೊನೆಯ ಹಾಡು ಹಾಕಿದಾಗ ಮನೆಯಿಂದ ಫೋನ್ ಬಂತು. ಅತ್ತೆ.

"ಒಂದ್ ಗಂಟೆಯಿಂದ ಕಿವಿ ಕೊಟ್ಟು ಕೂತೀನಿ, ಬಳೆ ಸದ್ದೇ ಇಲ್ಲ! ತೆಗೆದ್ಯಾ?" ಇಲ್ಲವೆಂದು ಆಣೆ ಇಟ್ಟರೂ ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಿ."

ಸಾರ್ ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡರು. ಹಾಡು ಮುಗಿಯಿತು. ಟೈ, ಮಫ್ಲರ್ ಎರಡನ್ನೂ ತಾವೇ ಬಿಚ್ಚಿ ಮೈಕ್ ನನ್ನ ಮುಂಗೈಗೆ ತಿರುಗಿಸಿದರು. "ಕೇಳುಗರೇ, ಕ್ಷಮಿಸಿ. ಇದು ಒಬ್ಬ ತಾಯಿಯ ಕೋರಿಕೆ," ಎಂದು ಗಂಭೀರವಾಗಿ ಘೋಷಿಸಿ, ಅಲ್ಲಾಡಿಸು ಎಂದು ಸನ್ನೆ ಮಾಡಿದರು.

ಅಲ್ಲಾಡಿಸಿದೆ. ಎರಡೂ ಕೈ ಎತ್ತಿ, ಮನಸಾರೆ. ಮೆಲ್ಬರ್ನಿನ ತುಂಬ ಬಳೆ ಸದ್ದು.

ಮೈಕ್ ಆರಿಸಿದ ಮೇಲೆ ಫೋನಿನಲ್ಲಿ ಅತ್ತೆ ಮೂಗೆಳೆದುಕೊಂಡು ಗದರಿದರು, "ಸಾಕು ಬಿಡವ್ವಾ. ಮಲಗಿರೋ ಕೂಸನ್ನ ಎಬ್ಬಿಸ್ತೀಯ."